ಶ್ರೀರಾಮಪುರದ ಡೆನ್ಮಾರ್ಕ್ ಟ್ಯಾವರ್ನ್: ಕಾಫಿ ಕುಡಿದು ವಿಲಿಯಂ ಕೇರಿಯವರ ಸಮಾಧಿಗೂ ಹೋಗಿ ಬನ್ನಿ

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಮಗಳು ಕೋಲ್ಕತ್ತಾದಲ್ಲಿದ್ದಾಳೆ. ಕಳೆದ ತಿಂಗಳು ಅವಳ ಮನೆಗೆ ಹೋದಾಗ ಬಂಗಾಳದ ಶ್ರೀರಾಮಪುರ (ಸೆರಾಂಪೋರ್) ನೋಡಲೇಬೇಕು ಅಂತ ಹಟ ಹಿಡಿದೆ. ಇಂಗ್ಲೆಂಡಿನಿಂದ ಬಂದ ಪಾದ್ರಿ ವಿಲಿಯಂ ಕೇರಿ ಅವರು ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಗಿದ್ದು ಆ ಊರಿನಲ್ಲಿ, ಅಲ್ವಾ?

ಹೌರಾದಿಂದ ಲೋಕಲ್ ರೈಲು, ಸುಮಾರು 20 ಕಿ.ಮೀ. ಸ್ಟೇಷನ್ ಹೊರಗೆ ಟೋಟೋ, ಅಂದರೆ ಬ್ಯಾಟರಿ ರಿಕ್ಷಾ ಸಿಗುತ್ತದೆ. ನಮಗೆ ಸಿಕ್ಕವನು ಎರಡು ಪಟ್ಟು ಕೇಳಿದ. ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ.

ಡೆನ್ಮಾರ್ಕ್ ಟ್ಯಾವರ್ನ್, ಅಂದರೆ ಹಿಂದೆ ಪ್ರಯಾಣಿಕರ ತಂಗುಮನೆಯಾಗಿದ್ದ ಈಗಿನ ಕೆಫೆ, ಇರುವುದು ಹೂಗ್ಲಿ ನದಿಯ ದಡದಲ್ಲೇ. 1786ರ ಕಟ್ಟಡ. ಪಾಳು ಬಿದ್ದಿದ್ದನ್ನು ದುರಸ್ತಿ ಮಾಡಿ 2018ರಲ್ಲಿ ಮತ್ತೆ ತೆರೆದರು. ಮಗಳು ಫಿಶ್ ಫ್ರೈ ತರಿಸಿದಳು, ಬಿಸಿಬಿಸಿಯಾಗಿ ಬಂತು. ನನ್ನ ಕಾಫಿಯೂ ಹದವಾಗಿತ್ತು. ಒಂದು ಗಂಟೆ ಸುಮ್ನೆ ಕೂತಿದ್ದರೂ ಯಾರೂ ಏಳಿ ಅನ್ನಲಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

ಕೂತು ಮಗಳಿಗೆ ಕೇರಿಯವರ ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದವರು, ಹಳ್ಳಿ ಶಾಲೆಯ ಮೇಷ್ಟ್ರು, ಬ್ಯಾಪ್ಟಿಸ್ಟ್ ಪಾದ್ರಿ. 1793ರಲ್ಲಿ ಬಂಗಾಳಕ್ಕೆ ಬಂದವರು 1834ರಲ್ಲಿ ತೀರಿಕೊಳ್ಳುವ ತನಕ ತಮ್ಮೂರಿಗೆ ಮರಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಪಾದ್ರಿಗಳು ಬೇಡವಾಗಿದ್ದರು. ಶ್ರೀರಾಮಪುರ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು, ಅವರು ಜಾಗ ಕೊಟ್ಟರು. 1800ರ ಜನವರಿಯಲ್ಲಿ ಕೇರಿ ಇಲ್ಲಿಗೆ ಬಂದರು. ಮರುವರ್ಷದಿಂದ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ. ಮೊದಲ ಸಂಬಳ ತಿಂಗಳಿಗೆ 500 ರೂಪಾಯಿ. ಅದರಲ್ಲಿ ಬಹುಪಾಲು ಅವರ ಮಿಷನ್ನಿಗೇ, ಅಂದರೆ ಪಾದ್ರಿಗಳ ಸಂಘಕ್ಕೇ ಹೋಯಿತು. 1812ರಲ್ಲಿ ಮಿಷನ್ನಿನ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು, ಕಾಗದ, ಅಚ್ಚುಮೊಳೆ ಎಲ್ಲಾ ಸುಟ್ಟವು. ಅದಾಗಿ ಐದೇ ವರ್ಷಕ್ಕೆ ನಮ್ಮ ವ್ಯಾಕರಣ! ಜೀವನವಿಡೀ ವಿಭಕ್ತಿ ಪ್ರತ್ಯಯ ಕಲಿಸಿದ ನನಗೆ ಇದನ್ನು ಹೇಳುವಾಗ ಗಂಟಲು ಕಟ್ಟಿತು.

ಆದರೆ ಹೆಂಡತಿ ಡೊರೊಥಿ ಅವರನ್ನು ಬಿಟ್ಟು ಈ ಕಥೆ ಹೇಳಬಾರದು. ಅವರಿಗೆ ಬರುವ ಮನಸ್ಸೇ ಇರಲಿಲ್ಲ. ಬಂದ ಮರುವರ್ಷ ಪುಟ್ಟ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಆಮೇಲೆ ಅವರಿಗೆ ಮನಸ್ಸಿನ ಕಾಯಿಲೆ. 1807ರಲ್ಲಿ ಇದೇ ಊರಿನಲ್ಲಿ ಹೋಗಿಬಿಟ್ಟರು. ಕೇರಿಯವರ ದುಡಿಮೆಯನ್ನು ನಾನು ಎಷ್ಟು ಮೆಚ್ಚುತ್ತೇನೋ, ಆ ತಾಯಿಯ ಸಂಕಟ ಅಷ್ಟೇ ಕಾಡುತ್ತದೆ.

ಅಲ್ಲಿಂದ ಮಿಷನ್ ಸ್ಮಶಾನಕ್ಕೆ ಹೋದೆವು. ಕೇರಿ ತಮ್ಮ ಕಲ್ಲಿನ ಮೇಲೆ ಹೊಗಳಿಕೆ ಬೇಡ ಅಂದಿದ್ದರು. ತಾನೊಂದು ಬಡ, ಅಸಹಾಯಕ ಹುಳು ಎನ್ನುವ ಪ್ರಾರ್ಥನೆಯ ಸಾಲು ಮಾತ್ರ ಅಲ್ಲಿದೆ. ಮಗಳು ಅದನ್ನು ಎರಡು ಸಲ ಓದಿದಳು.

ಕೇರಿಯವರೂ ಜೊತೆಗಾರರೂ 1818ರಲ್ಲಿ ಕಟ್ಟಿದ ಕಾಲೇಜು ಈಗಲೂ ನಡೆಯುತ್ತಿದೆ, ಆವರಣದಲ್ಲೇ ಅವರ ಹೆಸರಿನ ಗ್ರಂಥಾಲಯವಿದೆ. ಹಳೆಯ ಪುಸ್ತಕ ನೋಡುವ ಆಸೆ ಇದ್ದರೆ ಮೊದಲೇ ಬರೆದು ಅನುಮತಿ ಕೇಳಿ. ನಾನು ಕೇಳಿರಲಿಲ್ಲ. ಈಗ ಬರೆದಿದ್ದೇನೆ, ಡಿಸೆಂಬರಿನಲ್ಲಿ ಮತ್ತೆ ಹೋಗುತ್ತೇನೆ.