ಊರೂರು ಸೇರಿ ಕೊಳ್ಳುವ ವಸತಿ ಅಧ್ಯಯನ: ಏಜೆನ್ಸಿ ಪ್ಯಾಕೇಜ್‌ನಲ್ಲಿ ಏನಿದೆ, ಏನಿಲ್ಲ

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಸಮೀಕ್ಷಾ ಏಜೆನ್ಸಿಗಳು ಮಾರುವ ವಸತಿ ಸಮಾನತೆಯ ಅಧ್ಯಯನವನ್ನು, ಅಂದರೆ ಯಾರಿಗೆ ಬಾಡಿಗೆ ಮನೆ ಸಿಗುವುದಿಲ್ಲ ಎಂಬುದರ ಸಮೀಕ್ಷೆಯನ್ನು, ಅಕ್ಕಪಕ್ಕದ ಮೂರು ನಾಲ್ಕು ಊರುಗಳು ಸೇರಿ ಕೊಂಡರೆ ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ಒಂದೊಂದೇ ಊರು ಕೊಂಡರೆ ಸಣ್ಣ ಊರಿಗೆ ದುಬಾರಿ, ದೊಡ್ಡ ಊರಿಗೆ ಅರೆಬರೆ. ಈ ವಿಮರ್ಶೆ ಯಾವುದೇ ಒಂದು ಏಜೆನ್ಸಿಯದ್ದಲ್ಲ. ಟೆಂಡರಿಗೆ ಬರುವ ಸಿದ್ಧ ಪ್ಯಾಕೇಜ್ ಹೇಗಿರುತ್ತದೆ, ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗೆ ಅದರಲ್ಲಿ ಏನನ್ನು ಬದಲಿಸಿಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ವ್ಯತ್ಯಾಸ ತಿಳಿದಿರಲಿ. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ ಬಂದಾಗ ಊರೂರಲ್ಲಿ ನಡೆದದ್ದು ಬೇಡಿಕೆ ಸಮೀಕ್ಷೆ, ಅಂದರೆ ಎಷ್ಟು ಮಂದಿಗೆ ಮನೆ ಬೇಕು ಎಂಬ ಎಣಿಕೆ. ವಸತಿ ಸಮಾನತೆಯ ಅಧ್ಯಯನ ಬೇರೆಯದನ್ನು ಕೇಳುತ್ತದೆ: ಬಾಡಿಗೆ ಕೊಡುವ ಶಕ್ತಿ ಇದ್ದರೂ ಯಾರಿಗೆ ಮನೆ ಸಿಗುವುದಿಲ್ಲ, ಯಾವ ಓಣಿಯಲ್ಲಿ ಸಿಗುವುದಿಲ್ಲ, ಏನು ಹೇಳಿ ಕಳಿಸುತ್ತಾರೆ. ಅನೇಕ ಏಜೆನ್ಸಿಗಳು ಹಳೆಯ ಬೇಡಿಕೆ ಸಮೀಕ್ಷೆಯ ಫಾರಂಗೆ ಎರಡು ಪ್ರಶ್ನೆ ಸೇರಿಸಿ ಇದೇ ಅದು ಎಂದು ಕೊಡುತ್ತವೆ. ಅದನ್ನು ಒಪ್ಪಬೇಡಿ.

ಈ ಬಗೆಯ ಅಧ್ಯಯನ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿ 1968ರ ಸಮಾನ ವಸತಿ ಕಾಯ್ದೆ ಇದೆ. ಕೇಂದ್ರದ ಸಮುದಾಯ ಅಭಿವೃದ್ಧಿ ಅನುದಾನ ಪಡೆಯುವ ನಗರಗಳು ತಮ್ಮಲ್ಲಿರುವ ವಸತಿ ಅಡೆತಡೆಗಳನ್ನು ಅಧ್ಯಯನ ಮಾಡಿಸುತ್ತ ಬಂದವು. ನೆರೆಯ ನಗರಗಳು ಮತ್ತು ಕೌಂಟಿಗಳು ಒಪ್ಪಂದ ಮಾಡಿಕೊಂಡು, ಒಂದನ್ನು ಮುಂದಾಳುವಾಗಿ ಆರಿಸಿ, ಖರ್ಚು ಹಂಚಿಕೊಳ್ಳುವ ರೂಢಿಯೂ ಅಲ್ಲಿಯದೇ. ನಮ್ಮಲ್ಲಿ ಖಾಸಗಿ ಬಾಡಿಗೆ ಮನೆಗೆ ಅಷ್ಟು ವ್ಯಾಪಕವಾದ ಕಾಯ್ದೆ ಇಲ್ಲ. ಆದರೆ ಕೈ ಖಾಲಿಯೂ ಅಲ್ಲ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ಇರಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂ ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು ಹೇಳುತ್ತದೆ. ವರದಿ ಈ ಎರಡಕ್ಕೂ ಉತ್ತರ ಕೊಡುವಂತಿರಬೇಕು ಎಂದು ಕೆಲಸದ ಷರತ್ತಿನಲ್ಲೇ ಬರೆಯಿಸಿ.

ಊರುಗಳು ಸೇರಬೇಕಾದ ಕಾರಣ ನಮ್ಮ ನೆಲದಲ್ಲೇ ಕಾಣುತ್ತದೆ. ಕೊಪ್ಪಳದಲ್ಲಿ ಮನೆ ಸಿಗದವರು ಹುಡುಕುವುದು ಭಾಗ್ಯನಗರದಲ್ಲಿ. ಒಂದು ನಗರಸಭೆ, ಇನ್ನೊಂದು ಪಟ್ಟಣ ಪಂಚಾಯಿತಿ, ಬಾಡಿಗೆಯ ಮಾರುಕಟ್ಟೆ ಮಾತ್ರ ಒಂದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಗುತ್ತಿಗೆ ಕಾರ್ಮಿಕ ಕುರೆಕುಪ್ಪ, ಕುಡಿತಿನಿ, ಸಂಡೂರು, ಬಳ್ಳಾರಿ ಎಲ್ಲ ಕಡೆ ವಿಚಾರಿಸುತ್ತಾನೆ. ಬಳ್ಳಾರಿ ಪಾಲಿಕೆ ಒಂದೇ ಅಧ್ಯಯನ ಮಾಡಿಸಿದರೆ, ಅಲ್ಲಿ ಮನೆ ನಿರಾಕರಿಸಲ್ಪಟ್ಟು ಕುಡಿತಿನಿಗೆ ಹೋದ ಕುಟುಂಬ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನು ಹಣ. ಹೆಚ್ಚು ಜಗಳ ಆಗುವುದು ಇಲ್ಲೇ, ಅದಕ್ಕೆ ಕಾರಣ ಸ್ಯಾಂಪಲ್ಲಿನ ಗಣಿತ. ಒಂದು ಊರಿನ ಅಂಕಿ ಶೇ. 95 ಭರವಸೆಯಲ್ಲಿ (ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ) ನಿಜವಾದ ಅಂಕಿಯಿಂದ ಐದು ಶೇಕಡಾ ಅಂಶ ಆಚೀಚೆಯೊಳಗೆ ಬರಬೇಕಾದರೆ ಸುಮಾರು 384 ಕುಟುಂಬ ಬೇಕು. ಮನೆಗಳನ್ನು ಓಣಿಯ ಗೊಂಚಲಾಗಿ ಆರಿಸುವುದರಿಂದ, ಒಂದೇ ಓಣಿಯ ಉತ್ತರಗಳು ಒಂದನ್ನೊಂದು ಹೋಲುವುದರಿಂದ, ಅದನ್ನು ಒಂದೂವರೆಪಟ್ಟು ಮಾಡಿದರೆ 600ರ ಹತ್ತಿರ ಹೋಗುತ್ತದೆ. ಏಳು ಅಂಶದ ಆಚೀಚೆ ಸಾಕು ಎಂದರೆ ಇದೇ ಲೆಕ್ಕದಲ್ಲಿ ಸುಮಾರು 300. ಗಮನಿಸಬೇಕಾದ್ದು, ಈ ಸಂಖ್ಯೆ ಊರಿನ ಜನಸಂಖ್ಯೆಯ ಜೊತೆ ಇಳಿಯುವುದಿಲ್ಲ. ಇಪ್ಪತ್ತು ಸಾವಿರದ ಊರಿಗೂ ಲಕ್ಷದ ಊರಿಗೂ ಒಂದೇ ಮಟ್ಟದ ಖಚಿತತೆ ಬೇಕಾದರೆ ಹೆಚ್ಚುಕಮ್ಮಿ ಅಷ್ಟೇ ಮನೆ ಹತ್ತಿ ಇಳಿಯಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಊರುಗಳು, ಜನಸಂಖ್ಯೆಯ ಪಾಲು 50, 30, 12, 8 ಎಂದಿಟ್ಟುಕೊಳ್ಳಿ. ಪ್ರಶ್ನಾವಳಿ, ತರಬೇತಿ, ಸಾಫ್ಟ್‌ವೇರ್, ವಿಶ್ಲೇಷಣೆ, ವರದಿ ಸೇರಿ ಸಾಮಾನ್ಯ ವೆಚ್ಚ 6 ಲಕ್ಷ. ದೊಡ್ಡ ಎರಡು ಊರಿಗೆ ತಲಾ 600, ಸಣ್ಣ ಎರಡಕ್ಕೆ ತಲಾ 300 ಫಾರಂ, ಒಟ್ಟು 1,800. ಫಾರಂಗೆ 450 ರೂಪಾಯಿಯಂತೆ 8.10 ಲಕ್ಷ. ಎಲ್ಲ ಸೇರಿ 14.10 ಲಕ್ಷ. ಸಮಪಾಲು ಮಾಡಿದರೆ ತಲಾ 3.52 ಲಕ್ಷ, ಸಣ್ಣ ಪಟ್ಟಣ ಪಂಚಾಯಿತಿ ಅಲ್ಲೇ ಹಿಂದೆ ಸರಿಯುತ್ತದೆ. ಎಲ್ಲವನ್ನೂ ಜನಸಂಖ್ಯೆಯ ಮೇಲೆ ಹಂಚಿದರೆ ದೊಡ್ಡ ಊರಿಗೆ 7.05 ಲಕ್ಷ, ಕೊನೆಯ ಊರಿಗೆ 1.13 ಲಕ್ಷ, ತನ್ನ 300 ಫಾರಂಗಳ ಖರ್ಚನ್ನೂ ಸಣ್ಣ ಊರು ಕೊಟ್ಟಂತಾಗದು, ದೊಡ್ಡ ಊರಿನ ಸದಸ್ಯರು ಸಾಮಾನ್ಯ ಸಭೆಯಲ್ಲಿ ಸರಿಯಾಗಿಯೇ ಪ್ರಶ್ನೆ ಎತ್ತುತ್ತಾರೆ. ಸಾಮಾನ್ಯ ವೆಚ್ಚವನ್ನು ಜನಸಂಖ್ಯೆಯ ಮೇಲೆ, ಫಾರಂ ವೆಚ್ಚವನ್ನು ಆಯಾ ಊರಿನ ಫಾರಂಗಳ ಮೇಲೆ ಹಾಕಿ: 5.70, 4.50, 2.07, 1.83 ಲಕ್ಷ. ನಾಲ್ಕೂ ಸಭೆಗಳ ಮುಂದೆ ಸಮರ್ಥಿಸಿಕೊಳ್ಳಬಹುದಾದ ಹಂಚಿಕೆ ಇದೊಂದೇ. ಒಬ್ಬರು ನಡುವೆ ಬಿಟ್ಟುಹೋದರೆ ಅವರ ಫಾರಂ ವೆಚ್ಚ ಉಳಿಯುತ್ತದೆ, ಸಾಮಾನ್ಯ ವೆಚ್ಚದ ಪಾಲು ಉಳಿದವರ ಮೇಲೆ ಬೀಳುತ್ತದೆ. ಹಾಗಾಗಿ ಬಿಟ್ಟುಹೋದವರಿಗೆ ಆ ಪಾಲು ವಾಪಸ್ ಇಲ್ಲ ಎಂದು ಒಪ್ಪಂದದಲ್ಲಿ ಮೊದಲೇ ಬರೆದಿರಲಿ.

ಕ್ರಮವೂ ಮುಖ್ಯ. ಮೊದಲು ಪ್ರತಿ ಸ್ಥಳೀಯ ಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮೊತ್ತ ನಮೂದಿಸಿದ ನಡಾವಳಿ, ಆಮೇಲೆ ಒಪ್ಪಂದ, ಆಮೇಲೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಪೂರ್ತಿ ಪಾಲು, ಕೊನೆಗೆ ಟೆಂಡರ್. ಹಣ ಕೈಸೇರುವ ಮುನ್ನ ಟೆಂಡರ್ ಕರೆದರೆ ಎರಡನೇ ಕಂತಿಗೇ ಕೆಲಸ ನಿಲ್ಲುತ್ತದೆ. ಒಂದೇ ಜಿಲ್ಲೆಯ ಊರುಗಳಾದರೆ ಜಿಲ್ಲಾ ನಗರಾಭಿವೃದ್ಧಿ ಕೋಶ ಮುಂದಾಳುವಾಗುವುದು ಸುಲಭ. ಬರೀ ಕಡಿಮೆ ದರ ನೋಡಿ ಕೊಡಬೇಡಿ, ಗುಣಮಟ್ಟಕ್ಕೆ 70, ದರಕ್ಕೆ 30 ಅಂಕ ಇಡಿ. ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಡುವ ಶೇ. 24.10ರ ನಿಧಿಯನ್ನು ಈ ಅಧ್ಯಯನಕ್ಕೆ ಮುಟ್ಟಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಪರಿಶಿಷ್ಟರಿಗೆ ನೇರವಾಗಿ ತಲುಪಬೇಕಾದ ಹಣ, ವರದಿ ಬರೆಯಿಸುವುದಕ್ಕಲ್ಲ. ದರಪಟ್ಟಿಯಲ್ಲಿ ಶೇ. 18 ಜಿಎಸ್‌ಟಿ ಸೇರಿಸಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಸರಕಿನ ಪೂರೈಕೆ ಇಲ್ಲದ ಶುದ್ಧ ಸೇವೆಯನ್ನು ಸಂವಿಧಾನದ 243ಡಬ್ಲ್ಯೂ ವಿಧಿಯಡಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ ಕೆಲಸಕ್ಕಾಗಿ ಸ್ಥಳೀಯ ಸಂಸ್ಥೆಗೆ ಕೊಟ್ಟರೆ ವಿನಾಯಿತಿ ಇದೆ. ಲೆಕ್ಕಪರಿಶೋಧಕರ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಿಡಿ.

ಪ್ಯಾಕೇಜ್‌ನ ದೊಡ್ಡ ದೋಷ ಮನೆಮನೆಗೆ ಹೋಗಿ ನಡೆಸುವ ಸಮೀಕ್ಷೆಯ ಕೆಲಸದಲ್ಲಿದೆ. ಮಾರ್ಚ್ ಕೊನೆಗೆ ಅನುದಾನ ಮುಗಿಸುವ ಅವಸರದಲ್ಲಿ ಸಮೀಕ್ಷೆ ಜನವರಿ, ಫೆಬ್ರವರಿಗೆ ಬೀಳುತ್ತದೆ. ಆ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗ ಕಡೆಯ ಎಷ್ಟೋ ಕುಟುಂಬಗಳು ಗುಳೆ ಹೋಗಿರುತ್ತವೆ. ಬೀಗ ಕಂಡ ಸಮೀಕ್ಷಕ ಪಕ್ಕದ ಮನೆ ತುಂಬಿಸುತ್ತಾನೆ, ಯಾರ ಪಾಡು ತಿಳಿಯಬೇಕಿತ್ತೋ ಅವರೇ ಬಿಟ್ಟುಹೋಗುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರಿನಂಥ ಕಾಲುವೆ ನೀರಿನ ಊರುಗಳಲ್ಲಿ ಇದಕ್ಕೆ ತಿರುಗುಮುರುಗು: ಭತ್ತದ ನಾಟಿ, ಕೊಯ್ಲಿಗೆ ಹೊರಗಿನವರು ಬಂದಿರುತ್ತಾರೆ. ಒಣಬೇಸಾಯದ ಊರುಗಳಿಗೆ ಮುಂಗಾರು ಬಿತ್ತನೆ ಮುಗಿದ ಮೇಲೆ, ದಸರಾಕ್ಕೆ ಮೊದಲು ಸರಿಯಾದ ಕಾಲ. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, ಬದಲಿ ಮನೆ ಶೇ. 10 ದಾಟಬಾರದು, ಉಳಿದ ಮನೆಗಳಿಗೆ ಯುಗಾದಿ ವಾರದಲ್ಲಿ ಇನ್ನೊಂದು ಸುತ್ತು.

ಮನೆಗಳ ಪಟ್ಟಿಯೂ ಅಷ್ಟೇ ಮುಖ್ಯ. 2011ರ ಜನಗಣತಿಯ ಬ್ಲಾಕುಗಳು ಹಳತಾಗಿವೆ. ಆಸ್ತಿ ತೆರಿಗೆ ಪಟ್ಟಿಯಲ್ಲಿ ಬಾಡಿಗೆದಾರರಿಲ್ಲ. ವಿದ್ಯುತ್ ಕಂಪನಿ ಜೆಸ್ಕಾಂನ ಆರ್‌ಆರ್ ನಂಬರುಗಳ (ವಿದ್ಯುತ್ ಸಂಪರ್ಕದ ಸಂಖ್ಯೆ) ಪಟ್ಟಿ ಇವೆರಡಕ್ಕಿಂತ ಹೊಸತು, ಆದರೆ ಮೀಟರ್ ಇಲ್ಲದ ಗುಡಿಸಲು ಅದರಲ್ಲೂ ಬರುವುದಿಲ್ಲ. ಕಾಲುವೆ ದಂಡೆ, ರೈಲು ಹಳಿಯ ಬದಿ, ಇನ್ನೂ ಘೋಷಣೆಯಾಗದ ಕೊಳೆಗೇರಿಗಳನ್ನು ನಡೆದೇ ಪಟ್ಟಿ ಮಾಡಬೇಕು. ಈ ನಡೆದು ಪಟ್ಟಿ ಮಾಡುವ ಕೆಲಸ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಇಲ್ಲದಿದ್ದರೆ ಆ ಏಜೆನ್ಸಿ ಅದನ್ನು ಮಾಡುವುದಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆಗಳ ವಿಷಯ. "ನಿಮಗೆ ತಾರತಮ್ಯ ಆಗಿದೆಯೇ?" ಎಂದು ಕೇಳಿದರೆ ಬಹುತೇಕ "ಇಲ್ರೀ" ಎಂಬ ಉತ್ತರ ಬರುತ್ತದೆ. ನಡೆದದ್ದನ್ನು ಕೇಳಬೇಕು: ಕಳೆದ ಸಲ ಮನೆ ಹುಡುಕಿದಾಗ ಎಷ್ಟು ಮನೆ ನೋಡಿದಿರಿ, ಮಾಲೀಕರು ಮೊದಲು ಏನು ಕೇಳಿದರು, "ಯಾವ ಮಂದಿ?" ಅಂತ ಕೇಳಿದ್ದು ಅಡ್ವಾನ್ಸ್ ಮಾತಿಗೆ ಮುಂಚೆಯೋ ಆಮೇಲೋ, ಅಡ್ವಾನ್ಸ್ ಎಷ್ಟು ತಿಂಗಳದು, ನೀರು ಹಿಡಿಯಲು ಬೇರೆ ಸಮಯ ಇಟ್ಟಿದ್ದರೇ. ಒಂಟಿ ಮಹಿಳೆಯರಿಗೆ, ಮಾಜಿ ದೇವದಾಸಿಯರಿಗೆ, ಅವರ ಮಕ್ಕಳಿಗೆ ಅರ್ಜಿಯ ತಂದೆ ಅಥವಾ ಗಂಡನ ಹೆಸರಿನ ಕಾಲಂ ಎಲ್ಲಿ ಅಡ್ಡ ಬಂತು ಎಂದು ಬೇರೆಯಾಗಿ ಕೇಳಬೇಕು. ಈ ಮೂರು ಜಿಲ್ಲೆಗಳಲ್ಲಿ ಆ ಪ್ರಶ್ನೆ ಇಲ್ಲದ ಅಧ್ಯಯನ ಅಧ್ಯಯನವೇ ಅಲ್ಲ. ಉರ್ದು, ತೆಲುಗು, ಲಂಬಾಣಿ ಮಾತಾಡುವ ಸಮೀಕ್ಷಕರು ಬೇಕು, ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಬೇಕು. ನಲವತ್ತು ನಿಮಿಷದ ಫಾರಂ ಒಬ್ಬರು ದಿನಕ್ಕೆ ಎಂಟಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿ ತುಂಬಲಾರರು. ಇಪ್ಪತ್ತು ಬಂದಿದ್ದರೆ ಫಾರಂ ಶುರುವಾದ ಮತ್ತು ಮುಗಿದ ಸಮಯ ತೆಗೆಸಿ ನೋಡಿ.

ಜೋಡಿ ಕರೆಯ ಪರೀಕ್ಷೆ ಪ್ಯಾಕೇಜ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಟ ಹಿಡಿದು ಸೇರಿಸಿ. ಒಂದೇ ಸಂಬಳ, ಒಂದೇ ಕುಟುಂಬದ ಗಾತ್ರ ಹೇಳುವ ಇಬ್ಬರು, ಜಾತಿ, ಧರ್ಮ ಸೂಚಿಸುವ ಹೆಸರಿನಲ್ಲಿ ಮಾತ್ರ ವ್ಯತ್ಯಾಸ, ಒಂದೇ "ಮನೆ ಬಾಡಿಗೆಗಿದೆ" ಬೋರ್ಡಿನ ನಂಬರಿಗೆ ಒಂದೇ ದಿನ ಕರೆ ಮಾಡುತ್ತಾರೆ. ಯಾರು ಮೊದಲು ಮಾಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಇಲ್ಲವಾದರೆ ಎರಡನೆಯವರಿಗೆ "ಆಗಲೇ ಹೋಯ್ತು" ಎಂದದ್ದು ನಿಜವೋ ನೆಪವೋ ತಿಳಿಯದು. ಮಾಲೀಕರ ಹೆಸರು, ನಂಬರು ವರದಿಗೆ ಬರಬಾರದು. ಇದು ಓಣಿಯ ಚಿತ್ರ ತಿಳಿಯಲು, ಒಬ್ಬರನ್ನು ಹಿಡಿಯಲು ಅಲ್ಲ.

ಕೊನೆಗೆ ಕೈಗೆ ಬರುವುದೇನು ಎಂಬಲ್ಲಿ ಹಲವರು ಮೋಸ ಹೋಗುತ್ತಾರೆ. ದಪ್ಪನೆಯ ಇಂಗ್ಲಿಷ್ ಪಿಡಿಎಫ್ ಒಂದು ಬಂದರೆ ಸದಸ್ಯರು ಓದುವುದಿಲ್ಲ, ಮುಂದಿನ ಸಲ ಹೋಲಿಸಲು ಅಂಕಿಯೂ ಇರುವುದಿಲ್ಲ. ಒಪ್ಪಂದದಲ್ಲಿ ಹೀಗೆ ಬರೆಯಿಸಿ: ಹೆಸರು, ಫೋನ್ ತೆಗೆದ ಕಚ್ಚಾ ದತ್ತಾಂಶ ಸಿಎಸ್‌ವಿ ರೂಪದಲ್ಲಿ (ಕಂಪ್ಯೂಟರಿನ ಕೋಷ್ಟಕವಾಗಿ ತೆರೆಯಬಹುದಾದ ಕಡತ), ಯೂನಿಕೋಡ್ ಕನ್ನಡದಲ್ಲಿ ವರದಿ (ನುಡಿಯ ಹಳೆಯ ಫಾಂಟ್ ಆದರೆ ಆಮೇಲೆ ಹುಡುಕಲೂ ಬಾರದು), ಊರಿಗೊಂದು ಬೇರೆ ಅಧ್ಯಾಯ, ಆಧಾರ್ ಸಂಖ್ಯೆ ಸಂಗ್ರಹಿಸುವಂತಿಲ್ಲ, ಶೇ. 10 ಫಾರಂಗಳ ಮರುಪರಿಶೀಲನೆ ಏಜೆನ್ಸಿಯವರಲ್ಲದೆ ಬೇರೆಯವರಿಂದ. ಕೊನೆಯ ಶೇ. 30 ಕಂತು ದತ್ತಾಂಶ ಕೈಸೇರಿ, ನಾಲ್ಕೂ ಊರಿನ ಸಾಮಾನ್ಯ ಸಭೆಯಲ್ಲಿ ಕನ್ನಡದಲ್ಲಿ ಮಂಡನೆ ಆದ ಮೇಲೆ ಮಾತ್ರ ಬಿಡುಗಡೆ.