ಹರ್ಕ್ಯುಲಿಸ್ ಟೂರ್: ಹನ್ನೆರಡು ಅಂದ್ರು, ಎರಡು ತೋರ್ಸಿದ್ರು

ಅಥೆನ್ಸಿಂದ ಒಂದು ದಿನದ ವ್ಯಾನ್ ಟೂರ್ ಇದು, ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಹನ್ನೆರಡು ಸಾಹಸದ ದಾರಿ ಅಂತ ಹೇಳಿ ಮಾರ್ತಾರೆ, ತಲೆಗೆ 110 ಯೂರೋ. ನಾನು, ಹೆಂಡ್ತಿ, ಅಮ್ಮ ಹೋಗಿದ್ವಿ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಗೈಡ್ ಹುಡುಗಿ ತುಂಬಾ ಚೆನ್ನಾಗಿದ್ಲು, ಅವಳ ಹೊಟ್ಟೆಪಾಡಿಗೆ ಕಲ್ಲು ಹಾಕೋದು ಬೇಡ.

ಹನ್ನೆರಡರಲ್ಲಿ ತೋರ್ಸೋದು ಎರಡೇ ಎರಡು, ನೆಮಿಯಾದ ಸಿಂಹ, ಲೆರ್ನಾದ ಹೈಡ್ರಾ ಅನ್ನೋ ಹಲವು ತಲೆ ಹಾವು. ಎಲ್ಲಾ ಒಂದೇ ದಿನದಲ್ಲಿ ಆಗಲ್ಲ ಅಂತ ನಮಗೂ ಗೊತ್ತು ಬಿಡಿ, ಒಂದು ಕ್ರೀಟ್ ದ್ವೀಪದಲ್ಲಿ, ಕೊನೇದಂತೂ ಪಾತಾಳಕ್ಕೇ ಹೋಗಿ ನಾಯಿ ಹಿಡ್ಕೊಂಡು ಬರೋದು, ಆದ್ರೆ ಹಕ್ಕಿ ಓಡಿಸಿದ ಸ್ಟಿಂಫಾಲಿಯಾ ಕೆರೆ ನೆಮಿಯಾಗೆ ಅಷ್ಟೇನ್ ದೂರ ಇಲ್ವಲ್ಲ, ಅಲ್ಲಿಗಾದ್ರೂ ಕರ್ಕೊಂಡು ಹೋಗ್ಬಹುದಿತ್ತು. ಅದ್ರ ಬದಲು ವೈನ್ ಅಂಗಡೀಲಿ ಒಂದೂಕಾಲು ಗಂಟೆ ಕೂರ್ಸಿದ್ರು. ಅಲ್ಲಿನ ಅಯೊರ್ಯಿಟಿಕೊ ದ್ರಾಕ್ಷಿ ವೈನಿಗೆ ಹರ್ಕ್ಯುಲಿಸ್ ರಕ್ತ ಅಂತಾರೆ, ಕುಡಿಯೋರಿಗೆ ಖುಷಿಯಾಗಬಹುದು, ಅಮ್ಮ ಅಷ್ಟೂ ಹೊತ್ತು ಬಾಗಿಲಲ್ಲಿ ಬೆಕ್ಕು ನೋಡ್ತಾ ಕೂತಿದ್ರು.

ನೆಮಿಯಾ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಗ್ರೀಕರ ದೇವರಾಜ ಜೀಯಸ್‌ನ ದೇವಸ್ಥಾನದ ಕಂಬಗಳು, ಆಮೇಲೆ ಸ್ಟೇಡಿಯಂ, ಅಲ್ಲಿಗೆ ಹೋಗೋ ಸುರಂಗದ ಗೋಡೆ ಮೇಲೆ ಹಳೇ ಕಾಲದ ಓಟಗಾರರು ಕೆತ್ತಿರೋ ಹೆಸರುಗಳು. ಅಲ್ಲಿನ ಆಟಗಳು ಶುರುವಾಗಿದ್ದು ಸಿಂಹ ಸತ್ತ ಖುಷಿಗೆ ಅಂದ್ಕೊಂಡಿದ್ದೆ. ಹಳೇ ಕಥೆ ಬೇರೇನೇ ಇದೆಯಂತೆ, ಒಫೆಲ್ಟಿಸ್ ಅನ್ನೋ ಕೂಸನ್ನ ದಾದಿ ಕಾಡು ಸೆಲರಿ ಸೊಪ್ಪಿನ ಮೇಲೆ ಮಲಗಿಸಿದ್ಲು, ಹಾವು ಕೊಂದುಬಿಡ್ತು, ಆ ಕೂಸಿನ ನೆನಪಿಗೆ ಆಟ ಶುರುವಾಯ್ತು, ಅದಕ್ಕೇ ಗೆದ್ದೋರಿಗೆ ಸೆಲರಿ ಕಿರೀಟ, ತೀರ್ಪುಗಾರರಿಗೆ ಕಪ್ಪು ಬಟ್ಟೆ.

ಲೆರ್ನಾದಲ್ಲಿ ನೋಡೋಕೆ ಏನೂ ಇಲ್ಲ ಅಂತ ಬೇರೆ ರಿವ್ಯೂಗಳಲ್ಲಿ ಬರೆದಿದ್ರು, ನಿಜಾನೇ, ಜೊಂಡು, ನೀರಿನ ಬುಗ್ಗೆ, ಕಿತ್ತಳೆ ತೋಟ, ಅಷ್ಟೇ. ನನಗೆ ಇಡೀ ದಿನದಲ್ಲಿ ಇಷ್ಟ ಆಗಿದ್ದು ಅದೇ. ಒಂದು ತಲೆ ಕಡಿದ್ರೆ ಎರಡು ಹುಟ್ಟುತ್ತೆ ಅಂತ ಆ ಹುಡುಗಿ ಶುರು ಮಾಡಿದ್ದೇ ತಡ ಅಮ್ಮ, "ರಕ್ತಬೀಜಾಸುರನ ಥರಾನೇ ಕಣೋ, ಕೇಳು ಅವಳನ್ನ, ಇಲ್ಲಿ ರಕ್ತ ಕುಡಿಯೋಕೆ ಕಾಳಿ ಯಾರು ಬಂದ್ಲು ಅಂತ" ಅಂದ್ರು. ಕಾಳಿ ಅಲ್ಲ, ಹರ್ಕ್ಯುಲಿಸ್‌ನ ತಮ್ಮನ ಮಗ ಅಂತೆ, ಇಯೊಲಾಸ್ ಅಂತ, ಇವನು ಕಡಿದ ಹಾಗೆಲ್ಲ ಅವನು ಕೊಳ್ಳಿ ಹಿಡಿದು ಕುತ್ತಿಗೆ ಸುಡ್ತಾ ಬಂದ. ನಡುವಿನ ತಲೆಗೆ ಸಾವೇ ಇಲ್ಲ, ಅದನ್ನ ದಾರಿ ಪಕ್ಕ ಹೂತು ಮೇಲೆ ಬಂಡೆ ಇಟ್ಟ. ಹೈಡ್ರಾದ ವಿಷದಲ್ಲಿ ಬಾಣ ಅದ್ದಿಕೊಂಡ, ಎಷ್ಟೋ ವರ್ಷ ಆದ್ಮೇಲೆ ಅದೇ ವಿಷ ಹತ್ತಿದ ಅಂಗಿ ಹಾಕ್ಕೊಂಡು ತಾನೇ... ಅಷ್ಟೊತ್ತಿಗೆ ಡ್ರೈವರ್ ಹಾರ್ನ್ ಹೊಡೆದ. ಲೆರ್ನಾಗೆ 15 ನಿಮಿಷ ಅಷ್ಟೇ ಅಂತೆ! ಮಿಕ್ಕ ಕಥೆ ವ್ಯಾನಲ್ಲಿ.

ಕೊನೆಗೆ ಟಿರಿನ್ಸ್ ಕೋಟೆ. ಇಲ್ಲಿನ ಸಣ್ಣ ಕಲ್ಲನ್ನೂ ಜೋಡಿ ಹೇಸರಗತ್ತೆ ಕಟ್ಟಿ ಎಳೆದ್ರೆ ಅಲ್ಲಾಡ್ಸೋಕಾಗಲ್ಲ ಅಂತ ಹಳೇ ಕಾಲದ ಗ್ರೀಕ್ ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ, ನೋಡಿದ್ರೆ ನಂಬಬಹುದು. ಹರ್ಕ್ಯುಲಿಸ್ ಇಲ್ಲಿದ್ದುಕೊಂಡು ರಾಜ ಯೂರಿಸ್ತಿಯಸ್‌ಗೆ ದುಡಿದನಂತೆ. ಮೊದಲು ಒಪ್ಪಂದ ಆಗಿದ್ದು ಹತ್ತೇ ಕೆಲಸ, ಹೈಡ್ರಾ ಕೊಲ್ಲೋಕೆ ಇಯೊಲಾಸ್ ಸಹಾಯ ಮಾಡಿದ, ಇನ್ನೊಂದು ಕೆಲಸದಲ್ಲಿ ಕೊಟ್ಟಿಗೆ ತೊಳೆಯೋಕೆ ಕೂಲಿ ಕೇಳಿದೆ ಅಂತ ರಾಜ ಎರಡನ್ನ ಹೊಡೆದುಹಾಕಿ ಇನ್ನೆರಡು ಸೇರಿಸಿದ. ಸಿಂಹ ಹೊತ್ಕೊಂಡು ಬಂದಿದ್ದು ನೋಡಿ ಹೆದರಿ ನೆಲದಡಿ ಕಂಚಿನ ಹಂಡೆ ಹೂಳಿಸಿಕೊಂಡು, ಆಮೇಲಿಂದ ಆಳಿನ ಕೈಲಿ ಹೇಳಿ ಕಳಿಸ್ತಿದ್ದ, ಎದುರಿಗೇ ಬರ್ತಿರ್ಲಿಲ್ಲ. ಈ ಟೂರ್ ಆಫೀಸಿನವರೂ ಹಂಗೇ, ಹಂಡೆ ಒಳಗಿಂದಾನೇ ವಾಟ್ಸಾಪ್ ಮಾಡ್ತಾರೆ, ಹತ್ತು ಜಾಗ ಎಲ್ಲಿ ಅಂತ ಕೇಳಿದ್ರೆ ಬ್ಲೂಟಿಕ್ ಬರುತ್ತೆ, ಉತ್ತರ ಬರಲ್ಲ.

ಐದಕ್ಕೆ ಮೂರು ಸ್ಟಾರ್, ಮೂರೂ ಆ ಹುಡುಗಿಗೇ. ಹೋಗೋದಾದ್ರೆ ಟೋಪಿ ತಗೊಂಡೋಗಿ, ಟಿರಿನ್ಸಲ್ಲಿ ನಿಲ್ಲೋಕೆ ಒಂದು ಚೂರು ನೆರಳಿಲ್ಲ.