ಎರಡನೇ ಮಾನಿಟರ್‌ಗೆಂದು ಹಳೆಯ ಜಿಟಿ 730 ಕೊಳ್ಳುವ ಮುಂಚೆ ಇದನ್ನು ಓದಿ

ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್‌ಗೆ ಎರಡು ಮಾನಿಟರ್ ಜೋಡಿಸಬೇಕು ಅಂತ ಅಗ್ಗದ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿದ್ದರೆ ಸ್ವಲ್ಪ ತಡೆಯಿರಿ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಎನ್‌ವಿಡಿಯಾ ಜಿಟಿ 730 ಮೇಲೆ ಕಣ್ಣಿದ್ದರೆ.

ನಮ್ಮಕ್ಕ ಟ್ಯಾಕ್ಸ್ ಕೆಲಸ ಮಾಡುತ್ತಾಳೆ. ಒಂದು ಪರದೆಯಲ್ಲಿ ಲೆಕ್ಕದ ಶೀಟು, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್ ಇದ್ದರೆ ಅವಳಿಗೆ ಅನುಕೂಲ. ಕಂಪ್ಯೂಟರಿನಲ್ಲಿರುವುದು ಉಬುಂಟು ಲಿನಕ್ಸ್. ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದರೆ, “ಎರಡು ಮಾನಿಟರ್ ಅಂದ್ರೆ ಕಾರ್ಡ್ ಬೇಕೇ ಬೇಕು ಸಾರ್. ಇದು ಲಿನಕ್ಸ್‌ಗೂ ಸಲೀಸಾಗಿ ಓಡುತ್ತೆ” ಅಂದರು. ಕೈಗೆ ಬಂದದ್ದು ಬಳಸಿದ ಜಿಟಿ 730. ಅವರು ಹೇಳಿದ ಎರಡು ಮಾತೂ ಸರಿಯಿರಲಿಲ್ಲ.

ಮೊದಲು ಕಾರ್ಡಿನ ಕಥೆ. ಜಿಟಿ 730 ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಆದರೆ ಅದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್ ಮಾರಾಟವಾಗಿವೆ. ಒಂದು ಕೆಪ್ಲರ್ ಪೀಳಿಗೆಯ ಜಿಕೆ208, ಇನ್ನೊಂದು ಅದಕ್ಕಿಂತ ಹಳೆಯ ಫರ್ಮಿ ಪೀಳಿಗೆಯ ಜಿಎಫ್108. ಡಬ್ಬಿಯ ಮೇಲಿನ ಹೆಸರು ಒಂದೇ, ಆದರೆ ಬೇಕಾದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬೇರೆ. ಕೆಪ್ಲರ್‌ಗೆ ಎನ್‌ವಿಡಿಯಾದ 470 ಸರಣಿಯ ಡ್ರೈವರ್ ನಡೆಯುತ್ತದೆ, ಅದರ ಬೆಂಬಲವೂ 2024ರಲ್ಲಿ ಮುಗಿದಿದೆ. ಫರ್ಮಿಗೆ 390 ಸರಣಿಯೇ ಕೊನೆ, ಅದರ ಬೆಂಬಲ 2022ಕ್ಕೇ ಮುಗಿಯಿತು. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಮೇಲೆ ಅದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಹಾಕದೆ ಕಂಪೈಲ್ ಆಗುವುದೇ ಇಲ್ಲ. ನಮಗೆ ಸಿಕ್ಕಿದ್ದು ಫರ್ಮಿ. ಗುರುತಿಸುವುದು ಸುಲಭ: 384 ಕೋರ್ ಅಂತ ಇದ್ದರೆ ಕೆಪ್ಲರ್, 96 ಕೋರ್ ಅಂತ ಇದ್ದರೆ ಫರ್ಮಿ. ಫರ್ಮಿ ಕಾರ್ಡಿನ ಮೆಮೊರಿ ಬಸ್, ಅಂದರೆ ಮೆಮೊರಿಗೆ ಹೋಗುವ ದಾರಿಯ ಅಗಲ, 128 ಬಿಟ್. ದೊಡ್ಡ ಸಂಖ್ಯೆ ನೋಡಿ ಇದೇ ಒಳ್ಳೆಯದು ಅಂತ ಯಾರಾದರೂ ನಂಬಿಸಿಬಿಡಬಹುದು! ಕಾರ್ಡ್ ಆಗಲೇ ಕೂಡಿಸಿದ್ದರೆ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಕೊಟ್ಟು ನೋಡಿ, ಚಿಪ್ಪಿನ ಹೆಸರು ಅಲ್ಲೇ ಬರುತ್ತದೆ.

ನಿಜವಾದ ತಲೆನೋವು ಶುರುವಾದದ್ದು ಒಂದು ವಿಡಿಯೋ ನೋಡಿದ ಮೇಲೆ. ಕಂಪನಿಯ ಸೈಟಿನಿಂದ ‘ರನ್’ ಫೈಲ್ ಇಳಿಸಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಿ, ಐದು ನಿಮಿಷದ ಕೆಲಸ ಅಂತ ಅದರಲ್ಲಿ ಹೇಳಿದ್ದರು. ಆ ಫೈಲ್ ಏನು ಮಾಡುತ್ತದೆ ಅಂತ ಹೇಳಲಿಲ್ಲ. ಅದು ಮೊದಲು ಕರ್ನಲ್ ಜೊತೆಗೇ ಬರುವ ‘ನುವೋ’ ಡ್ರೈವರ್ ಲೋಡ್ ಆಗದಂತೆ, ಡ್ರೈವರ್ ಲೋಡ್ ಮಾಡುವ ಸೆಟ್ಟಿಂಗ್ ಇರುವ ಮೋಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಬರೆಯುತ್ತದೆ. ಆಮೇಲೆ ತನ್ನ ಡ್ರೈವರ್ ಕಟ್ಟಲು ಹೋಗುತ್ತದೆ. ಕಟ್ಟುವ ಕೆಲಸ ಅರ್ಧಕ್ಕೆ ನಿಂತರೂ ಆ ಚಿಕ್ಕ ಫೈಲ್ ಹಾಗೇ ಉಳಿಯುತ್ತದೆ. ಹೊಸದು ಬರಲಿಲ್ಲ, ಹಳೆಯದೂ ಹೋಯಿತು. ಒಂದೇ ಪರದೆ, ಅದರಲ್ಲೂ ದಪ್ಪ ದಪ್ಪ ಅಕ್ಷರ. ಎರಡನೇ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಜಿಎಸ್‌ಟಿ ರಿಟರ್ನ್ ಕೊನೆಯ ದಿನ ಹತ್ತಿರ ಬರುತ್ತಿತ್ತು, ಅಕ್ಕ ನನ್ನ ಮುಖ ನೋಡುತ್ತಿದ್ದಳು.

ಇದರ ಜೊತೆ ಇನ್ನೊಂದು ಅಡ್ಡಿಯೂ ಇತ್ತು. ಉಬುಂಟು ಹಾಕುವಾಗ ‘ಸೇಫ್ ಗ್ರಾಫಿಕ್ಸ್’ ಆರಿಸಿದರೆ, ಕಂಪ್ಯೂಟರ್ ಶುರುವಾಗುವಾಗ ಲಿನಕ್ಸ್ ಎಬ್ಬಿಸುವ ಗ್ರಬ್‌ನಲ್ಲಿ ‘ನೋಮೋಡ್‌ಸೆಟ್’ ಅನ್ನುವ ಪದ ಸೇರಿಕೊಂಡು, ಇನ್‌ಸ್ಟಾಲ್ ಆದಮೇಲೂ ಉಳಿಯಬಹುದು. ಅದು ಇರುವ ತನಕ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ಎದ್ದೇಳುವುದಿಲ್ಲ, ಎರಡನೇ ಮಾನಿಟರ್ ಪತ್ತೆಯಾಗುವುದಿಲ್ಲ. ಜನ ಕೇಬಲ್ ಬದಲಾಯಿಸುತ್ತಾರೆ, ಮಾನಿಟರನ್ನು ಬೈಯುತ್ತಾರೆ. ಅದೆಲ್ಲ ಬಿಟ್ಟು ಮೊದಲು ಈ ಪದ ಇದೆಯಾ ನೋಡಿ.

ನಮ್ಮಲ್ಲಿ ಸರಿಯಾದದ್ದು ಹೀಗೆ. ಅರ್ಧಂಬರ್ಧ ಕೂತಿದ್ದ ಡ್ರೈವರನ್ನು ಅದರದೇ ಅನ್‌ಇನ್‌ಸ್ಟಾಲ್ ಆಯ್ಕೆಯಿಂದ ತೆಗೆದೆ. ನುವೋ ತಡೆಯುವ ಫೈಲ್ ಅಳಿಸಿದೆ. ಗ್ರಬ್‌ನಿಂದ ನೋಮೋಡ್‌ಸೆಟ್ ತೆಗೆದು ‘ಅಪ್‌ಡೇಟ್-ಗ್ರಬ್’, ಆಮೇಲೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಕೊಟ್ಟು ರೀಸ್ಟಾರ್ಟ್ ಮಾಡಿದೆ. ಈ ಇನಿಟ್‌ರಾಮ್‌ಎಫ್‌ಎಸ್ ಹೆಜ್ಜೆ ಬಿಟ್ಟರೆ ಹಳೆಯ ತಡೆ, ಕಂಪ್ಯೂಟರ್ ಶುರುವಾಗುವಾಗ ಓದುವ ಬೂಟ್ ಇಮೇಜಿನೊಳಗೇ ಕೂತಿರುತ್ತದೆ, ಫೈಲ್ ಅಳಿಸಿಯೂ ಸುಖವಿಲ್ಲ. ನುವೋ ಮೇಲೆ ಎರಡೂ ಪರದೆ ಬಂದವು. ಆಟ ಆಡುವವರಿಗೆ ಅದು ಸಾಲದು, ಲೆಕ್ಕ ಬರೆಯುವವರಿಗೆ ಧಾರಾಳ ಸಾಕು.

ಇನ್ನು ಅಂಗಡಿಯ ಇನ್ನೊಂದು ಮಾತು, ಕಾರ್ಡ್ ಬೇಕೇ ಬೇಕು ಅಂದದ್ದು. ಅಕ್ಕನ ಕಂಪ್ಯೂಟರ್ ಹಿಂದೆ, ಮದರ್‌ಬೋರ್ಡ್‌ನಲ್ಲೇ ಒಂದು ಎಚ್‌ಡಿಎಂಐ, ಒಂದು ವಿಜಿಎ ಪೋರ್ಟ್ ಇವೆ. ಇಂಟೆಲ್‌ನ ಮೂರನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಮೂರು ಪರದೆಯವರೆಗೆ ನಡೆಸಬಲ್ಲದು, ಅದು 2012ರ ಮಾತು. ಅದರ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ. ಕಾರ್ಡ್ ಕಿತ್ತು ಎರಡೂ ಕೇಬಲ್ ಬೋರ್ಡಿಗೆ ಚುಚ್ಚಿದೆ. ಏನೂ ಹಾಕದೆ ಎರಡೂ ಹೊತ್ತಿಕೊಂಡವು. ಒಂದು ಕೇಬಲ್ ಕಾರ್ಡಿಗೆ, ಒಂದು ಬೋರ್ಡಿಗೆ ಹಾಕುವವರು ಮಾತ್ರ ಹುಷಾರು. ಕಾರ್ಡ್ ಕೂಡಿಸಿದ ಕೂಡಲೇ ಎಷ್ಟೋ ಬೋರ್ಡುಗಳು ಒಳಗಿನ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ‘ಮಲ್ಟಿ ಮಾನಿಟರ್’ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕಾಗುತ್ತದೆ.

ಕಾರ್ಡ್ ವಾಪಸ್ ಕೊಡಲು ಹೋದರೆ ಅಂಗಡಿಯವರು ತಗೊಳ್ಳಲಿಲ್ಲ. “ವಿಂಡೋಸ್ ಹಾಕ್ಕೊಳ್ಳಿ ಸಾರ್, ಆಗ ಬರುತ್ತೆ” ಅಂದರು. ನಿಮಗೆ ಕಾರ್ಡ್ ಬೇಕೇ ಬೇಕು ಅಂತಿದ್ದರೆ ಹಣ ಕೊಡುವ ಮುಂಚೆ ಚಿಪ್ಪಿನ ಹೆಸರು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿಗೆ ನಡೆಯಿರಿ.